ಎಡಗಡೆಯ ಬಾಗಿಲು

ಪೆಟ್ರೋಲ್ ವಾಸನೆ ಬಂದರೆ ನನಗೆ ಇಂದಿಗೂ ಸೀನು ಬರುತ್ತದೆ. ಬಂಕಿನವರು ನಗುತ್ತಾರೆ, ನಗಲಿ. ಬ್ಯಾಡಗಿಯ ನಮ್ಮ ಮನೆಯ ಹಿಂದಿನ ವಖಾರಿಯಲ್ಲಿ ಎರಡು ವಾಸನೆಗಳು ಒಟ್ಟಿಗೇ ಇದ್ದವು. ಒಂದು ಕಡೆ ಮಾಡಿನವರೆಗೆ ಒಣಮೆಣಸಿನಕಾಯಿಯ ಚೀಲಗಳು, ಇನ್ನೊಂದು ಮೂಲೆಯಲ್ಲಿ ಬಸು ಕಾಕಾ ಕಟ್ಟುತ್ತಿದ್ದ ಕಾರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಇಳಿಬಿಸಿಲು ಒಳಗೆ ಬಿದ್ದಾಗ ಕೆಂಪು ಧೂಳು ಕಾರಿನ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಕಾಕಾ ಹಳೇ ಧೋತರದ ತುಂಡಿನಿಂದ ಒರೆಸುತ್ತಿದ್ದ, ಸೀನುತ್ತಿದ್ದ, ಮತ್ತೆ ಒರೆಸುತ್ತಿದ್ದ. ನಿಮ್ಮ ಮನೆಯಲ್ಲೂ ಇಂಥದೊಂದು ಮೂಲೆ ಇದ್ದಿರಬೇಕು, ಈಗ ಅದೂ ಇಲ್ಲದಿರಬೇಕು. ಅಷ್ಟು ಸುಖದ ದಿನಗಳನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಕಾಕಾ, ಅಂದರೆ ಅಪ್ಪನ ತಮ್ಮ, ಮದ್ರಾಸಿನ ಕಡೆ ರೇಸುಗಳಲ್ಲಿ ಕಾರು ಓಡಿಸಿದವ. ಯಾವ ಕಂಪನಿಯೂ ಬೆನ್ನಿಗಿರಲಿಲ್ಲ. ಮೆಣಸಿನಕಾಯಿ ಅಂಗಡಿಯಲ್ಲಿ ತನ್ನ ಪಾಲಿಗೆ ಬಂದದ್ದನ್ನೆಲ್ಲ ಟೈರಿಗೂ ಪೆಟ್ರೋಲಿಗೂ ಸುರಿದಿದ್ದ. ಅಜ್ಜಿ ಒಂದು ರೇಸನ್ನೂ ನೋಡಲಿಲ್ಲ. ಆ ದಿನ ಊಟ ಬಿಟ್ಟು ದೇವರ ಮನೆಯಲ್ಲಿ ಕೂತು, ಮಗನ ಫೋನು ಬಂದ ಮೇಲೇ ಏಳುತ್ತಿದ್ದಳು. ಒಮ್ಮೆ ಕಾರು ಪಲ್ಟಿಯಾಗಿ ಅವನ ಭುಜ ಮುರಿದ ಮೇಲಂತೂ ಮನೆಯಲ್ಲಿ ಕಾರಿನ ಮಾತನ್ನೇ ಎತ್ತಲಿಲ್ಲ. ಅವನು ರೇಸು ಬಿಟ್ಟು ಬಂದು ತನ್ನದೇ ಕಾರು ಕಟ್ಟಲು ಕೂತ ಮೂರು ವರ್ಷವೂ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ನೋಡಿಕೊಳ್ಳಲು ದಿನಾ ವಖಾರಿಗೆ ಬರುವ ಅಜ್ಜಿ ಆ ಮೂಲೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಕಾಕಾನಿಗಿದ್ದ ಆಸೆ ಒಂದೇ. ಇದ್ದದ್ದು ಎರಡೇ ಸೀಟು. ನಾನು ಎಡಗಡೆಯದರಲ್ಲಿ ಕೂರಲು ಹೋದರೆ ತಡೆಯುತ್ತಿದ್ದ.

"ಅದು ಅವ್ವನ ಸೀಟು. ಮೊದಲ ಆಕಿ ಕುಂದರ್ಲಿ, ಆಮ್ಯಾಲೆ ನೀ."

ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ತಗಡು, ಕಬ್ಬಿಣದ ಕೆಲಸಕ್ಕೆ ರಾಣೆಬೆನ್ನೂರಿನಿಂದ ಬಾಬಾಜಾನ್ ಮಾಮಾ ಬರುತ್ತಿದ್ದ. ಟ್ರ್ಯಾಕ್ಟರಿನ ಟ್ರೇಲರು ಕಟ್ಟಿ ಪಳಗಿದ ಕೈ. ಅವನು ಮೊದಲು ಮಾಡಿಕೊಟ್ಟ ಚೌಕಟ್ಟನ್ನು ನಾಲ್ಕು ಜನ ಸೇರಿದರೂ ಎತ್ತಲಾಗಲಿಲ್ಲ. "ಮಾಮಾ, ಇದರಾಗ ಚೀಲ ಹೇರೂದಿಲ್ಲ" ಎಂದು ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲ ಬಿಚ್ಚಿ, ತೆಳುವಾದ ಪೈಪಿನಲ್ಲಿ ಮತ್ತೆ ಕಟ್ಟಿದರು. ಬಣ್ಣ ಮಾತ್ರ ಚರ್ಚೆಗೇ ಬರಲಿಲ್ಲ, ನಮ್ಮೂರ ಮೆಣಸಿನಕಾಯಿಯದೇ.

ಮಹಾನವಮಿಯ ಖಂಡೇಪೂಜೆಯ ದಿನ ಅಂಗಡಿಯ ತಕ್ಕಡಿ, ಚೀಲ ಹೊಲಿಯುವ ದಬ್ಬಣಗಳ ಜೊತೆಗೆ ಕಾರನ್ನೂ ಅಂಗಳಕ್ಕೆ ತಂದು ನಿಲ್ಲಿಸಿದರು. ಅಜ್ಜಿ ಎಲ್ಲಕ್ಕೂ ಆರತಿ ಬೆಳಗುತ್ತ ಬಂದು, ಕಾರಿನ ಮುಂದೆ ಸ್ವಲ್ಪ ಹೊತ್ತು ನಿಂತು, ಅದಕ್ಕೂ ಕುಂಕುಮ ಹಚ್ಚಿದಳು.

"ಅವ್ವಾ, ಒಂದು ಸುತ್ತು ಬರ್ತಿ ಏನು?"

ಅಜ್ಜಿ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಸೀರೆಯ ನಿರಿಗೆ ಎತ್ತಿ ಹಿಡಿದಳು. ಎಲ್ಲರಿಗೂ ಹೊಳೆದದ್ದು ಆಗಲೇ: ಕಾರಿಗೆ ಬಾಗಿಲಿರಲಿಲ್ಲ. ರೇಸಿನವರು ಬದಿಯ ತಗಡು ದಾಟಿ ಒಳಗಿಳಿಯುತ್ತಾರೆ, ಕಾಕಾ ಅದೇ ರೂಢಿಯಲ್ಲಿ ಕಟ್ಟಿಬಿಟ್ಟಿದ್ದ. ಅಜ್ಜಿ ಕಾಲೆತ್ತಿ ನೋಡಿ ಇಳಿಸಿದಳು. "ನನ್ನ ಮೊಣಕಾಲು ಕೇಳಂಗಿಲ್ಲಪಾ" ಎಂದು ತಟ್ಟೆ ಇಸಿದುಕೊಂಡು ಒಳಗೆ ಹೋದಳು. ಮೂರು ವರ್ಷ ಕೂದಲೆಳೆಯಷ್ಟನ್ನೂ ಬಿಡದೆ ಅಳೆದವನಿಗೆ ಹಡೆದವಳ ಮೊಣಕಾಲು ನೆನಪಾಗಿರಲಿಲ್ಲ. ಅವತ್ತು ಕಾಕಾ ಹೋಳಿಗೆಯನ್ನೂ ಮುಟ್ಟಲಿಲ್ಲ.

ಮುಂದಿನ ವಾರ ಬಾಬಾಜಾನ್ ಮಾಮಾನನ್ನು ಕರೆಸಿ ಎಡಬದಿ ಕೊಯ್ಯಲು ಹೇಳಿದ. ಮಾಮಾ ಕೈ ಹಚ್ಚಲಿಲ್ಲ.

"ಕೊಯ್ದರ ಚೌಕಟ್ಟು ಸಡ್ಲ ಆಗತೈತಿ ಬಸಣ್ಣಾ. ಮುಂದ ಜೋರು ಓಡಂಗಿಲ್ಲ."

ಕಾಕಾ ಸೀಮೆಸುಣ್ಣ ತಗೊಂಡು ಎಡಬದಿಯ ತಗಡಿನ ಮೇಲೆ ತಾನೇ ಬಾಗಿಲಿನ ಗೆರೆ ಎಳೆದ. "ಜೋರು ಓಡಿಸಿದ್ದು ಸಾಕಾಗೈತಿ. ಕೊಯ್ರಿ."

ಹಾರುವ ಕಿಡಿ ನೋಡುತ್ತ ನಾನು ಅತ್ತೆ. ಕಾಕಾ ಅಳಲಿಲ್ಲ.

ಬಾಗಿಲು ಕೂತ ಮರುದಿನ ಮುಂಜಾನೆ ಅಜ್ಜಿ ತಾನಾಗಿಯೇ ಬಂದು ಒಳಗೆ ಕೂತಳು. ಕಾಕಾ ಮೋಟೆಬೆನ್ನೂರು ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬಂದ. ನಾನು ಸೈಕಲ್ಲಿನಲ್ಲಿ ಬೆನ್ನು ಹತ್ತಿದವಳು ಒಮ್ಮೆ ಅವರನ್ನು ಹಿಂದೆ ಹಾಕಿದೆ, ಅಷ್ಟು ನಿಧಾನ. ಇಳಿದು ಸೆರಗು ಸರಿಮಾಡಿಕೊಳ್ಳುತ್ತ ಅಜ್ಜಿ ಮಗನಿಗೆ ಹೇಳಿದಳು: "ಹಿಂಗ ಸಾವಕಾಶ ಓಡಸ್ತಿದ್ದಿ ಅಂತ ಮೊದಲ ಹೇಳಬಾರದೇನು? ಅಷ್ಟು ವರ್ಷ ಸುಮ್ನ ಹೆದರಿದೆ."

"ಹೂಂ ಅವ್ವಾ. ಯಾವಾಗಲೂ ಹಿಂಗ ಓಡಸ್ತಿದ್ದೆ" ಎಂದ ಕಾಕಾ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು, ವಖಾರಿ ಈಗ ಬೇರೆಯವರದು. ಆ ಕಾರನ್ನು ಮಾತ್ರ ಕಾಕಾ ಅವಳಿಲ್ಲದ ಮೇಲೂ ಆ ಮುಂಜಾನೆಗಿಂತ ಜೋರಾಗಿ ಓಡಿಸಿದ್ದನ್ನು ನಾನು ನೋಡಲಿಲ್ಲ. ಅವ್ವನಿಗೆ ಹೇಳಿದ ಒಂದು ಸುಳ್ಳನ್ನು ಅವನು ಇದ್ದಷ್ಟು ದಿನವೂ ನಿಜ ಮಾಡುತ್ತ ಹೋದ.