ಆನೆಗೆ ಡಿಜಿಟಲ್ ಜೇನು

ಆನೆಗೆ ಜೇನುಹುಳ ಅಂದ್ರೆ ಭಯ, ಹೊಲಕ್ಕೆ ನುಗ್ಗುವ ಆನೆಯನ್ನು ಜೇನಿನ ಸದ್ದು ಹಾಕಿ ಓಡಿಸ್ತೀನಿ ಅಂತ ಒಬ್ಬ ಸಾಹೇಬರು ವೈರಿಂಗ್ ಕೆಲಸಕ್ಕೆ ನನ್ನನ್ನು ಕಾಡಂಚಿನ ತಿಗನಾರೆ ಊರಿಗೆ ಕರೆದುಕೊಂಡು ಹೋಗಿದ್ದರು. ಸದ್ದು ತುಂಬಿಟ್ಟ ಅಂಗೈಯಗಲದ ಕಂಪ್ಯೂಟರ್ ಬೋರ್ಡು ನನ್ನ ಕೈಯಲ್ಲಿತ್ತು. ಅದರ ಹೆಡ್‌ಫೋನ್ ತೂತಿಗೆ ಒಂದು ವೈರು ಚುಚ್ಚಿ ಸ್ಪೀಕರಿಗೆ ಕೊಟ್ಟಿದ್ದರೆ ಕೆಲಸ ಮುಗೀತಿತ್ತು. ಸಾಹೇಬರು ಒಪ್ಪಬೇಕಲ್ಲ!

"ಅದು ಅನಲಾಗ್ ರೀ, ಬರೀ ಗಲೀಜು. ಡಿಜಿಟಲ್ಲಾಗೇ ಹೊರಗೆ ತಂದು ಇದಕ್ಕೆ ಕೊಡಿ" ಅಂತ ಅಲ್ಯೂಮಿನಿಯಂ ಡಬ್ಬಿಯಂಥ ಆಡಿಯೋ ಪರಿವರ್ತಕವೊಂದನ್ನು ಹಸುಗೂಸಿನ ಹಾಗೆ ಎತ್ತಿ ಕೊಟ್ಟರು. ಅದರಿಂದಾಚೆಗೆ ಇದ್ದದ್ದು ಮದುವೆ ಮನೆಯ ತಗಡಿನ ಸ್ಪೀಕರು. ಗಂಗಾಜಲ ತಂದು ಚರಂಡಿಗೆ ಬಿಟ್ಟ ಹಾಗೆ! ಸಾಲದ್ದಕ್ಕೆ, ಹೊಲದ ಯಜಮಾನ ಸಿದ್ದಮಲ್ಲಪ್ಪ ಆನೆ ಬಂದಾಗ ಬಡಿಯುತ್ತಿದ್ದ ಎಣ್ಣೆ ಡಬ್ಬವನ್ನೂ "ಇನ್ನೇನಕ್ಕೆ ಇದು?" ಅಂತ ಸಾಹೇಬರು ಮನೆಗೆ ಕಳಿಸಿಬಿಟ್ಟರು.

ಬೋರ್ಡಿನ ಪಿನ್ನಿಗೆ ಪರಿವರ್ತಕದ ಪಿನ್ನು ಬೆಸೆಯುವಷ್ಟರಲ್ಲಿ ಹೊತ್ತು ಮುಳುಗಿತು. ಜೋಳದ ಹೊಲಕ್ಕೆ ಆನೆ ಬಂದೇಬಿಟ್ಟಿತು. ನಾವು ಅಟ್ಟಣೆ ಮೇಲಿಂದ ಜೇನಿನ ಸದ್ದು ಹಾಕಿದೆವು. ಆನೆ ಕಿವಿ ಬೀಸಿಕೊಂಡು ಆರಾಮಾಗಿ ತೆನೆ ಮುರಿಯತೊಡಗಿತು.

"ಎಷ್ಟು ಸ್ವಚ್ಛವಾಗಿದೆ ಕೇಳಿ!" ಅಂದರು ಸಾಹೇಬರು, ಕಣ್ಣು ಮುಚ್ಚಿಕೊಂಡು.

ಸಿದ್ದಮಲ್ಲಪ್ಪನಿಗೆ ತಡೆಯಲಿಲ್ಲ. "ಒಲನೆಲ್ಲಾ ತಿಂದ್ಬುಡ್ತಾ ಅದ, ಇವ್ರಿಗ ಸ್ವಚ್ಛ ಬ್ಯಾರೆ ಕೇಡು! ಬುಡಿ ಸಾ ಅತ್ಲಾಗ" ಅಂದವನೇ ವೈರು ಕಿತ್ತೆಸೆದು, ಆ ಪರಿವರ್ತಕವನ್ನೇ ಎತ್ತಿ ಹಿಡಿದು ದೊಣ್ಣೆಯಲ್ಲಿ ಡಣಡಣ ಬಡಿದ. ಆನೆ ತಿರುಗಿ ಕಾಡಿನ ದಾರಿ ಹಿಡಿಯಿತು.

ಆ ಡಬ್ಬಿಯಿಂದ ಹೊರಟ ಉಪಯೋಗದ ಸದ್ದು ಅದೊಂದೇ. ಅದೂ ಅಪ್ಪಟ ಅನಲಾಗ್.