ಎಡತೋಳಿನ ಹಸಿರು ದಾರ

ಇವತ್ತು ಟ್ರಂಕು ತೆರೆದರೆ, ನುಸಿಗುಳಿಗೆಯ ವಾಸನೆ ಹೊತ್ತ ನನ್ನ ಜೂಡೋ ಅಂಗಿ! ಬಿಳಿ ಎಡತೋಳಿಗೆ ಹಸಿರು ದಾರದ ಹೊಲಿಗೆ.

ನಾನು ಬ್ಲಫ್ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನವಳು, ಸವಿತಾ ಪಕ್ಕದ ಹಳ್ಳಿಯವಳು. ಬಸ್ಸಿನ ಸೀಟಿಗೆ ಜಗಳವಾಡಿ ಮಾತು ಬಿಟ್ಟಿದ್ದೆವು. ಶಾಲೆಯ ಜೂಡೋ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮಿಬ್ಬರನ್ನೇ ಜೋಡಿ ಮಾಡಿದರು.

"ಎತ್ತಾಕೋಳು ಬೀಳೋಳ ತೋಳು ಬುಡಬಾರ್ದು. ಬುಟ್ರೆ ತಲೆ ನೆಲಕ್ಕೆ ಬಡೀತದೆ," ಅಂದರು ಮೇಷ್ಟ್ರು.

ಸವಿತಾ ಬೇಕಂತಲೇ ಬಿಡುತ್ತಾಳೆ ಅನ್ನಿಸಿತು. ಆದರೂ ಹಿಂದೆ ಸರಿಯಲಿಲ್ಲ. ಎತ್ತಿ ಹಾಕಿದಳು. ಅಂಗಿಯ ತೋಳು ಪರ್ರನೆ ಹರಿಯಿತು. ತಕ್ಷಣ ನನ್ನ ಮಣಿಕಟ್ಟು ಹಿಡಿದಳು. ತಲೆ ನೆಲ ಮುಟ್ಟಲಿಲ್ಲ.

"ಅಂಗಿ ಅರಿದಾಕ್ಬುಟ್ಟೆಯಲ್ಲೇ!"

"ತಲೆ ಒಡೀನಿಲ್ವಲ್ಲ, ಸುಮ್ಕಿರು. ತತ್ತಾ, ಒಲ್ಕೊಡ್ತೀನಿ. ನಮ್ಮನೇಲಿರೋದು ಅಸಿರು ದಾರ ಕಣೇ."

ಈಗ ಅವಳಿಗೆ ತೋಳಿನ ಫೋಟೋ ಕಳಿಸಿದೆ. ಉತ್ತರ ಬಂತು: "ಭಾನುವಾರ ಬತ್ತೀನಿ, ಆಕ್ಕೊಂಡು ನಿಂತಿರು. ಈ ಸಲ ನನ್ನ ಎತ್ತಾಕು."

ಎತ್ತಿ ಹಾಕುತ್ತೇನೆ. ತೋಳು ಬಿಡುವುದಿಲ್ಲ.