ಷಡ್ಡಕನ ಮುಂದೆ ವಕೀಲರ ಫೀಸು

ಬೇರೆಯವರ ಮನೆ, ಕಾರು, ಮಕ್ಕಳ ಮಾರ್ಕ್ಸು ಕಂಡು ನನಗೆ ಎಂದೂ ಹೊಟ್ಟೆ ಉರಿದಿಲ್ಲ. ಉರಿಯುವುದು ಪಿಂಚಣಿ ಕಂಡರೆ. ಅದೂ ಎಲ್ಲರ ಪಿಂಚಣಿಯಲ್ಲ, ನನ್ನ ಹೆಂಡತಿಯ ತಂಗಿಯ ಗಂಡ ಸಿದ್ದರಾಜುವಿನದು ಮಾತ್ರ.

ಈ ಷಡ್ಡಕ ಎಂಬ ಸಂಬಂಧವನ್ನು ದೇವರು ಯಾವ ಗಳಿಗೆಯಲ್ಲಿ ಮಾಡಿದನೋ. ಅಣ್ಣತಮ್ಮಂದಿರಿಗಾದರೆ ಹಂಚಿಕೊಳ್ಳಲು ಹೊಲವಾದರೂ ಇರುತ್ತದೆ, ಕೋರ್ಟಿಗೆ ಹೋಗಿ ಹಗುರಾಗಬಹುದು. ಷಡ್ಡಕರಿಗೆ ಇರುವುದು ಒಬ್ಬನೇ ಮಾವ, ಅವನ ಮನೆಯಲ್ಲಿ ಸಾಲಾಗಿ ಹಾಕಿದ ಎಲೆ. ಕಳಲೆಯ ನಮ್ಮ ಮಾವನ ಮನೆಯಲ್ಲಿ ಮೊದಲ ಎಲೆ ಹಿರಿಯ ಅಳಿಯನಿಗೆ, ಅಂದರೆ ನನಗೆ. ಸಿದ್ದರಾಜು ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ಪಿಂಚಣಿ ಎಣಿಸತೊಡಗಿದ ಮೇಲೆ ನನ್ನ ಭಾವಮೈದ ಅವನನ್ನೇ ಭುಜ ಹಿಡಿದು ಮೊದಲ ಎಲೆಗೆ ಕೂರಿಸುತ್ತಾನೆ. ಹೋಳಿಗೆ ನನ್ನ ಎಲೆಗೆ ಬರುವಷ್ಟರಲ್ಲಿ ಆರಿರುತ್ತದೆ.

ನನ್ನದೂ ಪಿಂಚಣಿಯೇ. ನಂಜನಗೂಡಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಅಲ್ಲಿನ ಮೇಷ್ಟ್ರುಗಳೂ ಆಡಳಿತದವರೂ ಸೇರಿ ಕಟ್ಟಿದ ಪಿಂಚಣಿ ನಿಧಿ ನಮ್ಮದು. ನಿಧಿಗೊಂದು ಟ್ರಸ್ಟು, ಟ್ರಸ್ಟಿಗೊಂದು ಡೀಡು. ಸರ್ಕಾರ ಕಾನೂನಿನಲ್ಲಿ ಒಂದು ಸಾಲು ತಿದ್ದಿದರೆ ನಮ್ಮ ಡೀಡಿನಲ್ಲಿ ಒಂದು ಪುಟ ತಿದ್ದಬೇಕು. ತಿದ್ದದಿದ್ದರೆ ತೆರಿಗೆ ವಿನಾಯಿತಿ ಹೋಗಿ ನಮ್ಮೆಲ್ಲರ ಪಿಂಚಣಿ ಸೊರಗುತ್ತದೆ. ತಿದ್ದುವುದಕ್ಕೆ ವಕೀಲರು, ವಕೀಲರಿಗೆ ಫೀಸು. ಸಿದ್ದರಾಜುವಿಗೆ ಈ ಯಾವ ತಾಪತ್ರಯವೂ ಇಲ್ಲ. ಅವನದು ಕಾಲಕಾಲಕ್ಕೆ ತುಟ್ಟಿಭತ್ಯೆ ಸೇರಿಸಿಕೊಂಡು ತಾನಾಗಿ ದಪ್ಪಗಾಗುತ್ತದೆ. ಏರಿದ ದಿನ ತಪ್ಪದೆ ಫೋನು ಮಾಡುತ್ತಾನೆ.

"ಏನಿಲ್ಲ ಕಣಣ್ಣ, ಅಕ್ಕ ಹೆಂಗವ್ರೆ ಅಂತ ಕೇಳಾಣ ಅಂತ."

ಮೊದಲು ಅಕ್ಕನ ಮಂಡಿನೋವು, ಆಮೇಲೆ ನಿಧಾನವಾಗಿ ತುಟ್ಟಿಭತ್ಯೆ. ಫೋನು ಇಟ್ಟ ಮೇಲೆ ನಾನು ಒಂದು ಲೋಟ ಮಜ್ಜಿಗೆ ಕುಡಿಯುತ್ತೇನೆ.

ಹೋದ ವರ್ಷ ಡೀಡು ತಿದ್ದಿಸುವ ಕಾಲ ಬಂತು. ಅಂಥ ಪತ್ರ ಬಲ್ಲ ವಕೀಲರೊಬ್ಬರು ನರಸೀಪುರದಲ್ಲಿದ್ದಾರೆಂದು ಗೊತ್ತಾಗಿ, ಟ್ರಸ್ಟಿನವರು ಫೀಸಿಗೆಂದು ಒಂದು ಮೊತ್ತ ಗೊತ್ತುಮಾಡಿ ಕವರಿನಲ್ಲಿ ಹಾಕಿ, ಲೆಕ್ಕದ ಮೇಷ್ಟ್ರು ಜಿಪುಣರಿರುತ್ತಾರೆಂಬ ನಂಬಿಕೆಯಿಂದ ನನ್ನನ್ನೇ ಕಳಿಸಿದರು. ನರಸೀಪುರದಲ್ಲಿ ಬಸ್ಸಿಳಿದರೆ ಎದುರಿಗೇ ಸ್ಕೂಟರಿನ ಮೇಲೆ ಸಿದ್ದರಾಜು. ಆ ಊರಲ್ಲೇ ಅವನ ಮನೆ. ನನ್ನ ಹೆಂಡತಿ ತಂಗಿಗೆ ಹೇಳದೆ ಇರುತ್ತಾಳೆಯೇ?

"ಲಾಯರು ನಮ್ಮೋರೇ ಕಣಣ್ಣ. ಕೂತ್ಕಳಿ, ನಾನೂ ಬತ್ತೀನಿ," ಅಂದ.

ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು. ನಮ್ಮ ಕಡೆ ಗುರುತಿಲ್ಲದವನಿಗೆ ಒಂದು ರೇಟು ಇರುತ್ತದೆ, ಚೌಕಾಸಿ ಮಾಡಬಹುದು. ಗುರುತಿನವನಿಗೆ ರೇಟೇ ಇಲ್ಲ. ಕೆಲಸವಾದ ಮೇಲೆ ಫೀಸೆಷ್ಟು ಎಂದು ಕೇಳಿದರೆ ವಕೀಲರು ಡೀಡನ್ನು ಪಕ್ಕಕ್ಕಿಟ್ಟು ನಕ್ಕರು. "ಸಿದ್ದರಾಜಣ್ಣನ ಕಡೆಯೋರು. ನಿಮ್ಮತ್ರ ಏನಂತ ಕೇಳದು ಮೇಷ್ಟ್ರೆ, ತಿಳ್ದು ಕೊಡಿ."

ಹಿಂದಿನ ಕಾಲದಲ್ಲಿ ವಕೀಲರ ನಿಲುವಂಗಿಯ ಬೆನ್ನಿಗೆ ಒಂದು ಪುಟ್ಟ ಚೀಲವಿರುತ್ತಿತ್ತಂತೆ. ಕಕ್ಷಿದಾರ ಹಿಂದಿನಿಂದ ಅದರೊಳಗೆ ಹಾಕಿದ್ದೆಷ್ಟು ಎಂಬುದು ಅವರಿಗೂ ಕಾಣದು, ಪಕ್ಕದವನಿಗೂ ಕಾಣದು ಎಂದು ಎಲ್ಲೋ ಓದಿದ್ದೆ. ಷಡ್ಡಕನಿದ್ದವನೇ ಯಾರೋ ಅದನ್ನು ಕಂಡುಹಿಡಿದಿರಬೇಕು. ನನಗೆ ಆ ಭಾಗ್ಯವಿರಲಿಲ್ಲ. ಸಿದ್ದರಾಜು ನನ್ನ ಕೈಯನ್ನೇ ನೋಡುತ್ತಿದ್ದ. ಟ್ರಸ್ಟಿನ ಕವರು ಅವನ ಕಣ್ಣೆದುರು ತೀರಾ ತೆಳ್ಳಗೆ ಕಂಡಿತು. ಒಳಜೇಬಿನಲ್ಲಿ ಹೊಸ ಕನ್ನಡಕಕ್ಕೆಂದು ಹೆಂಡತಿ ಕೊಟ್ಟ ದುಡ್ಡಿತ್ತು. ಅದನ್ನೂ ಸೇರಿಸಿ ಮೇಜಿನ ಮೇಲಿಟ್ಟೆ. ವಕೀಲರು ಎದ್ದು ನಿಂತು ಕೈಮುಗಿದರು. ಸಿದ್ದರಾಜುವಿನ ಮುಖ ಚಿಕ್ಕದಾಯಿತು. ಆ ಸುಖ ಬಸ್ಸು ಹತ್ತುವವರೆಗೂ ಇತ್ತು. ಆಮೇಲೆ ಟಿಕೇಟಿನ ಅಕ್ಷರ ಕಾಣಲಿಲ್ಲ.

ಹಳೇ ಕನ್ನಡಕದಲ್ಲೇ ವರ್ಷ ಕಳೆಯಿತು. ಅಂಗಡಿಯವನು ಗಾಜು ತರಿಸುತ್ತಿದ್ದಾನೆ ಎಂದು ಹೆಂಡತಿಗೆ ಹೇಳಿಕೊಂಡೇ ಬಂದೆ. ಆಕೆ ಮತ್ತೆ ದುಡ್ಡು ಕೂಡಿಸಿ ಕೈಗಿಟ್ಟ ವಾರವೇ ಕಾನೂನು ಮತ್ತೆ ಬದಲಾಯಿತು. ಮತ್ತೆ ನರಸೀಪುರ, ಮತ್ತೆ ಸ್ಕೂಟರು. ಈ ಸಲ ಕವರಿನಲ್ಲಿದ್ದುದಕ್ಕಿಂತ ಒಂದು ಕಾಸೂ ಹೆಚ್ಚು ಕೊಡುವುದಿಲ್ಲ ಎಂದು ನಂಜುಂಡೇಶ್ವರನಿಗೆ ಕೈಮುಗಿದೇ ಹೊರಟಿದ್ದೆ. ಕೆಲಸ ಮುಗಿಸಿದ ವಕೀಲರು ಬಹಳ ಪ್ರೀತಿಯಿಂದ ಹೇಳಿದರು: "ಜಾಸ್ತಿ ಏನೂ ಬ್ಯಾಡ ಮೇಷ್ಟ್ರೆ. ಹೋದ್ಸಲ ಕೊಟ್ಟಿದ್ರಲ್ಲ, ಅಷ್ಟೇ ಸಾಕು."

ಕನ್ನಡಕ ಎರಡನೇ ಸಲ ಅವರ ಮೇಜಿನ ಮೇಲೆ ಕೂತಿತು.

ಹೊರಗೆ ಬಂದು ಟೀ ಕುಡಿಯುವಾಗ ಸಿದ್ದರಾಜು ಲೋಟದೊಳಗೇ ನೋಡುತ್ತಾ ಕೇಳಿದ. "ಅಣ್ಣ, ನಾನು ಪಕ್ಕದಲ್ಲಿ ಇಲ್ದಿದ್ರೆ ನೀವು ಅಷ್ಟು ಕೊಡ್ತಿರ್ನಿಲ್ಲ, ಅಲ್ವ?"

ನಾನು ಟೀ ಬಿಸಿಯಿದೆ ಎಂಬಂತೆ ಊದುತ್ತಾ ನಿಂತೆ.

"ನನ್ ಮಗಳ ಮದ್ವೇಲಿ ಒಂದೇ ಸ್ವೀಟು ಅಂತ ಮಾತಾಗಿತ್ತು. ಮುಂದ್ಗಡೆ ಸಾಲಲ್ಲಿ ನೀವು ಕೂರ್ತೀರಲ್ಲ ಅಂತ ಸಾಲ ಮಾಡಿ ಎಲ್ಡು ಮಾಡುಸ್ದೆ ಕಣಣ್ಣ. ಆ ಸಾಲ ತೀರ್ಸಕ್ಕೆ ರಿಟೈರ್ಮೆಂಟ್ ದುಡ್ಡು ಬರಗಂಟ ಕಾದೆ."

ಇಬ್ಬರೂ ನಕ್ಕೆವು. ಟೀ ದುಡ್ಡು ನಾನು ಕೊಡುತ್ತೇನೆಂದು ಇಬ್ಬರೂ ಜೇಬಿಗೆ ಕೈಹಾಕಿ, ಒಬ್ಬರನ್ನೊಬ್ಬರು ನೋಡಿ, ಅವರವರ ಟೀಗೆ ಅವರವರೇ ಕೊಟ್ಟೆವು. ಇಷ್ಟು ವರ್ಷದಲ್ಲಿ ನಾವು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಬಸ್ಸಿನಲ್ಲಿ ಕೂತಾಗ ಎದೆ ಹಗುರಾಗಿತ್ತು, ಅವನ ಪಿಂಚಣಿ ಚೆನ್ನಾಗಿರಲಿ ಎಂದು ಮನಸಾರೆ ಹಾರೈಸಿದೆ.

ನಂಜನಗೂಡು ಸೇರುವಷ್ಟರಲ್ಲಿ ಆ ಎರಡನೇ ಸ್ವೀಟು ನೆನಪಾಯಿತು. ನಮ್ಮ ಮನೆ ಮದುವೆಯಲ್ಲಿ ಮಾಡಿಸಿದ್ದಕ್ಕಿಂತ ಅದು ಚೆನ್ನಾಗಿತ್ತು. ಮನೆಗೆ ಹೋದವನೇ ಮಜ್ಜಿಗೆ ಕೇಳಿದೆ.